ಈ ಫೈಲ್ ಯಾಕೆ ಓಪನ್ ಆಗ್ತಿಲ್ಲ? ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ನೂರಡಿ ರಸ್ತೆಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ದಿನಕ್ಕೆ ಒಬ್ಬರಾದರೂ ಪೆನ್‌ಡ್ರೈವ್ ಹಿಡಿದು ಬಂದು "ಅಣ್ಣ, ಇದು ಓಪನ್ನೇ ಆಗ್ತಿಲ್ಲ ಕಣಣ್ಣ" ಅನ್ನುತ್ತಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಫೈಲ್ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಬಾಯಲ್ಲಿ ಹೇಳುವ ಹಾಗೆ ಓದಿಕೊಳ್ಳಿ.

ಎಕ್ಸ್‌ಟೆನ್ಶನ್ ಅಂದರೆ ಏನು?

ಫೈಲ್ ಹೆಸರಿನಲ್ಲಿ ಕೊನೆಯ ಚುಕ್ಕೆ ಆದಮೇಲೆ ಬರುವ ಮೂರು ನಾಲ್ಕು ಅಕ್ಷರ. ಪಿಡಿಎಫ್, ಜೆಪಿಜಿ, ಡಾಕ್ಸ್, ಇಂಥವು. ಅದನ್ನು ನೋಡಿ ಕಂಪ್ಯೂಟರ್ ಯಾವ ಸಾಫ್ಟ್‌ವೇರನ್ನು ಕರೆಯಬೇಕು ಅಂತ ತಿಳಿದುಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿ ಒಳಗೆ ಸಾಸಿವೆ ಇರುತ್ತದೆ ಅಲ್ವಾ, ಹಾಗೆ ಇಲ್ಲೂ ಮೇಲಿನ ಚೀಟಿ ಒಂದು, ಒಳಗಿನ ಮಾಲು ಇನ್ನೊಂದು ಆಗಿರಬಹುದು. ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ಜಾಸ್ತಿ ಇದರದ್ದೇ.

ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಎಕ್ಸ್‌ಟೆನ್ಶನ್‌ಗೆ 3 ಅಕ್ಷರ ಮಾತ್ರ ಜಾಗ ಇತ್ತು. ಜೆಪಿಇಜಿ ಅನ್ನುವುದು ಜೆಪಿಜಿ ಆಗಿದ್ದು ಹಾಗೆ. ಎರಡೂ ಒಂದೇ, ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಫೈಲ್ ಹೆಸರಿನಲ್ಲಿ ಚುಕ್ಕೆನೇ ಇಲ್ಲವಲ್ಲ?

ಸಾಮಾನ್ಯವಾಗಿ ಇರುತ್ತದೆ, ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತದೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ಮೇಲಿನ ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಒತ್ತಿ. ವಿಂಡೋಸ್ 10ರಲ್ಲಿ ವ್ಯೂ ಒತ್ತಿದರೆ ಅಲ್ಲೇ ಟಿಕ್ ಹಾಕುವ ಜಾಗ ಸಿಗುತ್ತದೆ. ಬೇರೇನೂ ಮಾಡದಿದ್ದರೂ ಇದೊಂದನ್ನು ಇವತ್ತೇ ಮಾಡಿಬಿಡಿ. ಮುಚ್ಚಿಟ್ಟಿದ್ದರೆ 'ಬಿಲ್.ಪಿಡಿಎಫ್.ಇಎಕ್ಸ್‌ಇ' ಅನ್ನುವ ಕಳ್ಳ ಫೈಲ್ (ಇಎಕ್ಸ್‌ಇ ಅಂದರೆ ಪ್ರೋಗ್ರಾಂ) ನಿಮ್ಮ ಕಣ್ಣಿಗೆ 'ಬಿಲ್.ಪಿಡಿಎಫ್' ಅಂತ ಮಾತ್ರ ಕಾಣುತ್ತದೆ, ನೀವು ಪಾಪ ಬಿಲ್ ಅಂದುಕೊಂಡು ಒತ್ತುತ್ತೀರಿ.

ಕೇಳೇ ಇಲ್ಲದ ಎಕ್ಸ್‌ಟೆನ್ಶನ್ ಬಂದಿದೆ, ಮೊದಲು ಏನು ಮಾಡಲಿ?

ಕಳಿಸಿದವರಿಗೆ ಫೋನ್ ಮಾಡಿ. ನಗಬೇಡಿ, ನಿಜವಾಗಲೂ ಇದೇ ಮೊದಲ ಹೆಜ್ಜೆ. "ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ರಿ, ಪಿಡಿಎಫ್ ಮಾಡಿ ಕಳಿಸ್ತೀರಾ" ಅಂತ ಕೇಳಿದರೆ ಎಷ್ಟೋ ಸಲ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಾನು ಗಂಟೆಗಟ್ಟಲೆ ಒದ್ದಾಡಿ ಓಪನ್ ಮಾಡಿದ ಫೈಲುಗಳಲ್ಲಿ ಅರ್ಧಕ್ಕೆ ಅಷ್ಟೇ ಸಾಕಿತ್ತು.

ಕಳಿಸಿದವರು ಸಿಗದಿದ್ದರೆ ಫೈಲ್ ಎಲ್ಲಿಂದ ಬಂತು ಅಂತ ಯೋಚಿಸಿ. ಅಕ್ಷರಗಳಿಗಿಂತ ಅದು ಜಾಸ್ತಿ ಹೇಳುತ್ತದೆ. ಡ್ಯಾಟ್ ಅನ್ನುವುದನ್ನೇ ತೆಗೆದುಕೊಳ್ಳಿ. ಹಳೆಯ ಮದುವೆ ವಿಸಿಡಿಯಲ್ಲಿದ್ದರೆ ಅದು ವಿಡಿಯೋ. ಇಮೇಲ್ ಜೊತೆ 'ವಿನ್‌ಮೇಲ್.ಡ್ಯಾಟ್' ಅಂತ ಬಂದಿದ್ದರೆ ಅದು ಔಟ್‌ಲುಕ್ ಕಟ್ಟಿದ ಗಂಟು, ಅವರು ಕಳಿಸಿದ ನಿಜವಾದ ಫೈಲ್ ಅದರೊಳಗೆ ಇದೆ. ಸಾಫ್ಟ್‌ವೇರ್ ಫೋಲ್ಡರ್‌ನಲ್ಲಿದ್ದರೆ ಅದು ಆ ಸಾಫ್ಟ್‌ವೇರಿನ ಸ್ವಂತ ಲೆಕ್ಕ, ನಿಮಗೂ ಅದಕ್ಕೂ ಸಂಬಂಧ ಇಲ್ಲ. ಹೆಸರು ಒಂದೇ, ಮಾಲು ಮೂರು.

ಹೆಸರು ಬದಲಾಯಿಸಿ ಪಿಡಿಎಫ್ ಅಂತ ಹಾಕಿದೆ. ಆದರೂ ಓಪನ್ ಆಗ್ತಿಲ್ಲ?

ಕಬ್ಬಿನ ಜಲ್ಲೆ ಮೇಲೆ 'ಬೆಲ್ಲ' ಅಂತ ಚೀಟಿ ಅಂಟಿಸಿದರೆ ಬೆಲ್ಲ ಆಗುತ್ತಾ? ಆಲೆಮನೆಗೆ ಹೋಗಬೇಕು, ಗಾಣಕ್ಕೆ ಕೊಡಬೇಕು, ಕೊಪ್ಪರಿಗೆಯಲ್ಲಿ ಕಾಯಬೇಕು. ಕನ್ವರ್ಟ್ ಮಾಡುವುದು ಅಂದರೆ ಅದು. ಒಂದು ಸಾಫ್ಟ್‌ವೇರ್ ಆ ಫೈಲನ್ನು ಪೂರ್ತಿ ಓದಿ, ಒಳಗಿರುವುದನ್ನು ಬೇರೆ ರೀತಿಯಲ್ಲಿ ಹೊಸದಾಗಿ ಬರೆಯಬೇಕು. ಹೆಸರು ಬದಲಾಯಿಸಿದ್ದರೆ ಮೊದಲಿದ್ದ ಹೆಸರನ್ನೇ ಮತ್ತೆ ಹಾಕಿ. ಒಳಗಿನದು ಏನೂ ಹಾಳಾಗಿರುವುದಿಲ್ಲ.

ಒಳಗೆ ಏನಿದೆ ಅಂತ ನಾನೇ ನೋಡಬಹುದಾ?

ನೋಡಬಹುದು, ನನಗೆ ತುಂಬಾ ಇಷ್ಟದ ಕೆಲಸ ಇದು. ಫೈಲಿನ ಒಂದು ಕಾಪಿ ಮಾಡಿಕೊಂಡು ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ದೊಡ್ಡ ವಿಡಿಯೋ ಆದರೆ ಬೇಡ, ನೋಟ್‌ಪ್ಯಾಡ್ ನಿಂತುಹೋಗುತ್ತದೆ. ಪೂರ್ತಿ ಕಸದ ಹಾಗೆ ಕಾಣುತ್ತದೆ, ಹೆದರಬೇಡಿ, ಸೇವ್ ಮಾತ್ರ ಮಾಡಬೇಡಿ. ಮೊದಲ ಸಾಲು ನೋಡಿದರೆ ಸಾಕು.

ಶೇಕಡಾ ಗುರುತು, ಅದರ ಪಕ್ಕ ಪಿ ಡಿ ಎಫ್ ಅಂತಿದ್ದರೆ ಮೇಲಿನ ಚೀಟಿ ಏನೇ ಹೇಳಲಿ ಅದು ಪಿಡಿಎಫ್. ಪಿ ಕೆ ಅಂತ ಶುರುವಾದರೆ ಜಿಪ್. ಆ ರೂಪವನ್ನು 1989ರಲ್ಲಿ ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಒಂದು ತಮಾಷೆ ಏನೆಂದರೆ, ಆಫೀಸ್ 2007ರಿಂದ ಬಂದ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲುಗಳೂ ಒಳಗೆ ಜಿಪ್ ಮೂಟೆಗಳೇ, ಅವೂ ಪಿ ಕೆ ಅಂತಲೇ ಶುರುವಾಗುತ್ತವೆ, ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಕೂಡ ಹಾಗೇ. ವರ್ಡ್ ಫೈಲ್ ಕೆಟ್ಟು ಕೂತಾಗ ಕಾಪಿಯ ಹೆಸರಿಗೆ ಜಿಪ್ ಅಂತ ಹಾಕಿ ಬಿಚ್ಚಿದರೆ ಒಳಗಿನ ಫೋಟೋಗಳಾದರೂ ಕೈಗೆ ಸಿಗುತ್ತವೆ. ಎಂ ಝಡ್ ಅಂತ ಶುರುವಾದರೆ ಅದು ವಿಂಡೋಸ್ ಪ್ರೋಗ್ರಾಂ. ಯಾರೋ 'ಫೋಟೋ' ಅಂತ ಕಳಿಸಿದ್ದರ ಒಳಗೆ ಎಂ ಝಡ್ ಕಂಡರೆ ಸುಮ್ನೆ ಡಿಲೀಟ್ ಮಾಡಿ.

ಇದೆಲ್ಲ ಕಿರಿಕಿರಿ ಅನ್ನಿಸಿದರೆ ಟ್ರಿಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಒಳಗಿನ ಗುರುತು ನೋಡಿ ಇದು ಇಂಥದ್ದು ಅಂತ ಹೇಳುತ್ತದೆ. ಲಿನಕ್ಸ್ ಇದ್ದವರಿಗೆ 'ಫೈಲ್' ಅನ್ನುವ ಕಮಾಂಡೇ ಇದೆ.

ಹಾಲ್ ಟಿಕೆಟ್ ಪಿಡಿಎಫ್ ಡೌನ್‌ಲೋಡ್ ಮಾಡಿದೆ, 'ಫೈಲ್ ಡ್ಯಾಮೇಜ್ ಆಗಿದೆ' ಅನ್ನುತ್ತೆ?

ಸೈಜ್ ನೋಡಿ. 3-4 ಕೆಬಿ ಮಾತ್ರ ಇದ್ದರೆ ಅದು ಬಹುಶಃ ಪಿಡಿಎಫ್ ಅಲ್ಲ. ಹೋದ ವರ್ಷ ಪಾಂಡವಪುರದ ಕಡೆಯ ಒಬ್ಬ ಹುಡುಗಿ ಅಳುವ ಹಾಗೆ ಬಂದು ನಿಂತಿದ್ದಳು, ಮಾರನೇ ದಿನ ಬೆಳಿಗ್ಗೆ ಪರೀಕ್ಷೆ. ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಮೊದಲ ಸಾಲಲ್ಲೇ ಎಚ್‌ಟಿಎಂಎಲ್ ಅಂತ ಇತ್ತು, ಅಂದರೆ ಅದು ವೆಬ್ ಪುಟ, ಕೆಳಗೆ 'ಮತ್ತೆ ಲಾಗಿನ್ ಆಗಿ' ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಅವಳು ಡೌನ್‌ಲೋಡ್ ಒತ್ತುವ ಹೊತ್ತಿಗೆ ಲಾಗಿನ್ ಸಮಯ ಮುಗಿದಿತ್ತು, ವೆಬ್‌ಸೈಟು ಹಾಲ್ ಟಿಕೆಟ್ ಬದಲು ಆ ಪುಟವನ್ನೇ ಪಿಡಿಎಫ್ ಅನ್ನುವ ಹೆಸರಿನಲ್ಲಿ ಕೊಟ್ಟಿತ್ತು. ಮತ್ತೆ ಲಾಗಿನ್ ಆಗಿ ಇಳಿಸಿದೆವು, ಬಂತು. ರಿಪೇರಿ ಸಾಫ್ಟ್‌ವೇರ್ ಹುಡುಕಿದ್ದರೆ ಜನ್ಮಕ್ಕೂ ಸಿಗುತ್ತಿರಲಿಲ್ಲ, ರಿಪೇರಿ ಮಾಡಲು ಅಲ್ಲಿ ಪಿಡಿಎಫ್ಫೇ ಇರಲಿಲ್ಲ.

ಕೊನೆಯಲ್ಲಿ 'ಸಿಆರ್‌ಡೌನ್‌ಲೋಡ್' ಅಂತಿದ್ದರೆ ಅದು ಕ್ರೋಮ್ ಅರ್ಧಕ್ಕೆ ಬಿಟ್ಟ ಡೌನ್‌ಲೋಡ್. 'ಪಾರ್ಟ್' ಅಂತಿದ್ದರೆ ಫೈರ್‌ಫಾಕ್ಸ್ ಬಿಟ್ಟಿದ್ದು. ಮತ್ತೆ ಇಳಿಸಿಕೊಳ್ಳಿ.

ಐಫೋನ್‌ನಲ್ಲಿ ತೆಗೆದ ಫೋಟೋ ಅರ್ಜಿಗೆ ಅಪ್‌ಲೋಡ್ ಆಗ್ತಿಲ್ಲ?

ಅದು ಎಚ್‌ಇಐಸಿ. 2017ರಲ್ಲಿ ಬಂದ ಐಓಎಸ್ 11ರಿಂದ ಐಫೋನ್ ಫೋಟೋಗಳನ್ನು ಹೀಗೆ ಉಳಿಸುತ್ತದೆ, ಜಾಗ ಕಡಿಮೆ ಹಿಡಿಯುತ್ತದೆ ಅಂತ. ಅರ್ಜಿ ಹಾಕುವ ಎಷ್ಟೋ ವೆಬ್‌ಸೈಟುಗಳಿಗೆ ಜೆಪಿಜಿ ಮಾತ್ರ ಗೊತ್ತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿದರೆ ಇನ್ನು ಮುಂದೆ ತೆಗೆಯುವ ಫೋಟೋಗಳು ಜೆಪಿಜಿ ಆಗಿರುತ್ತವೆ. ಹಿಂದೆ ತೆಗೆದವು ಬದಲಾಗುವುದಿಲ್ಲ, ಅವನ್ನು ಕಂಪ್ಯೂಟರಿನಲ್ಲಿ ಗಿಂಪ್ ಅನ್ನುವ ಚಿತ್ರದ ಸಾಫ್ಟ್‌ವೇರಿನಲ್ಲಿ ತೆರೆದು ಜೆಪಿಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಗಿಂಪ್ ಉಚಿತ.

ಜೆಎಫ್‌ಐಎಫ್ ಅಂತ ಸೇವ್ ಆಗಿದೆ, ಅದಕ್ಕೂ ಇಷ್ಟೆಲ್ಲ ಮಾಡಬೇಕಾ?

ಬೇಡ. ಮೇಲೆ ಹೆಸರು ಬದಲಾಯಿಸಬೇಡಿ ಅಂತ ಬೈದೆ ಅಲ್ವಾ, ಇದೊಂದಕ್ಕೆ ರಿಯಾಯಿತಿ. ಜೆಎಫ್‌ಐಎಫ್ ಒಳಗೆ ಇರುವುದು ಜೆಪಿಜಿಯೇ. ಹೆಸರಿನ ಕೊನೆಗೆ ಜೆಪಿಜಿ ಅಂತ ಬದಲಾಯಿಸಿ, ಆಯ್ತು. ವೆಬ್‌ಪಿ ಮಾತ್ರ ಬೇರೆ, ಅದು 2010ರಲ್ಲಿ ಗೂಗಲ್ ತಂದಿದ್ದು. ಅದನ್ನು ಪೇಂಟ್‌ನಲ್ಲಿ ತೆರೆದು ಸೇವ್ ಆ್ಯಸ್ ಕೊಟ್ಟು ಜೆಪಿಜಿ ಮಾಡಿ.

ಹಳೆಯ ಕನ್ನಡ ಡಾಕ್ಯುಮೆಂಟ್ ಓಪನ್ ಆಗುತ್ತೆ, ಆದರೆ ಅಕ್ಷರ ಎಲ್ಲ ಕಾಗೆ ಕಾಲು ಗುಬ್ಬಿ ಕಾಲು?

ನಮ್ಮ ಕಡೆ ಇದೂ ತುಂಬಾ ಬರುವ ಪ್ರಶ್ನೆ. ಕ್ರಯಪತ್ರದ ಕರಡು, ಸಂಘದ ಬೈಲಾ, ಮೇಷ್ಟ್ರ ನೋಟ್ಸು, ಯಾವ ಹಳೆಯ ಫೈಲ್ ತಂದರೂ ಇದೇ ಕತೆ. ಇಲ್ಲಿ ಎಕ್ಸ್‌ಟೆನ್ಶನ್ ಸರಿಯಾಗೇ ಇದೆ, ಡಾಕ್ ಅಂದರೆ ಡಾಕ್ಕೇ. ತೊಂದರೆ ಅಕ್ಷರದಲ್ಲಿ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ) ಎಲ್ಲ ಕಡೆ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ಸಾಫ್ಟ್‌ವೇರುಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿ ಫಾಂಟಿನಲ್ಲಿ ನೀವು ನೋಡುವ 'ಕ' ನಿಜಕ್ಕೂ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಇರುವ ಒಂದು ಎ. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಪಿ ಪಿ ಎ ಎ ಅಂತ ಅದೇ ಕಾಣುತ್ತದೆ.

ಹಾಗಾಗಿ ಮೊದಲು ನುಡಿ ಫಾಂಟ್ ಹಾಕಿಕೊಳ್ಳಿ. ಪ್ರಿಂಟ್ ತೆಗೆಯುವುದಷ್ಟೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ವಾಟ್ಸಾಪ್‌ನಲ್ಲಿ ಕಳಿಸಬೇಕು, ಫೋನಿನಲ್ಲಿ ಓದಬೇಕು ಅಂದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಬೇಕು, ನುಡಿ, ಬರಹ ಎರಡರಲ್ಲೂ ಅಂಥದ್ದು ಇದೆ. ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾರೆ ಓದಲೇಬೇಕು. ಮಧ್ಯೆ ಮಧ್ಯೆ ಇದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡ ಅಂದುಕೊಂಡು ತಿರುಗಿಸಿಬಿಡುತ್ತದೆ. ಒತ್ತಕ್ಷರ, ಅರ್ಕಾವತ್ತು ಎಲ್ಲೋ ಒಂದೆರಡು ಕಡೆ ಜಾರಿರುತ್ತವೆ. ಜಮೀನಿನ ಕಾಗದ ಆದರೆ ಸರ್ವೆ ನಂಬರು, ಚಕ್ಕುಬಂದಿ ಎರಡನ್ನೂ ಹಳೆಯ ಪ್ರಿಂಟ್ ಪಕ್ಕದಲ್ಲಿಟ್ಟು ತಾಳೆ ನೋಡಿ.

ಮದುವೆ ಕಾರ್ಡ್ ಫೈಲ್ ಸಿಡಿಆರ್ ಅಂತ ಕೊಟ್ಟಿದ್ದಾರೆ. ಇನ್ನೊಂದು ಪಿಎಂಡಿ ಅಂತಿದೆ?

ಸಿಡಿಆರ್ ಅಂದರೆ ಕೋರೆಲ್‌ಡ್ರಾ, ಪಿಎಂಡಿ ಅಂದರೆ ಪೇಜ್‌ಮೇಕರ್ 7, ಎರಡೂ ಕಾರ್ಡು, ಪುಟ ವಿನ್ಯಾಸ ಮಾಡುವ ಸಾಫ್ಟ್‌ವೇರುಗಳು. ಲಿಬ್ರೆ ಆಫೀಸ್‌ನ ಡ್ರಾ ಎರಡನ್ನೂ ತೆರೆಯಲು ನೋಡುತ್ತದೆ, ದುಡ್ಡೂ ಬೇಡ. ಆದರೆ ಸಾಲುಗಳು ಅಲ್ಲಾಡುತ್ತವೆ, ಫಾಂಟ್ ಇಲ್ಲದಿದ್ದರೆ ಹುಡುಗನ ಹೆಸರು ಹುಡುಗಿ ಹೆಸರಿನ ಮೇಲೆ ಹತ್ತಿ ಕೂತಿರುತ್ತದೆ. ಕಾರ್ಡ್ ಮಾಡಿದವರ ಹತ್ತಿರವೇ ಪಿಡಿಎಫ್ ಕೇಳುವುದು ಒಳ್ಳೆಯದು.

ಸಿಸಿಟಿವಿಯಿಂದ ಕೊಟ್ಟ ವಿಡಿಯೋ ಡಿಎವಿ ಅಂತಿದೆ, ಪ್ಲೇ ಆಗ್ತಿಲ್ಲ?

ದಹುವಾ ಕಂಪನಿಯ ರೆಕಾರ್ಡರ್‌ಗಳಿಂದ ಹೀಗೆ ಬರುತ್ತದೆ, ಸಿಪಿ ಪ್ಲಸ್‌ನಿಂದಲೂ. ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ಹಾಕಿ ನೋಡಿ, ಎಷ್ಟೋ ಸಲ ಓಡುತ್ತದೆ. ಓಡದಿದ್ದರೆ ಆ ಕಂಪನಿಯ ಪ್ಲೇಯರ್ ಬೇಕು, ರೆಕಾರ್ಡರ್‌ನಿಂದ ಕಾಪಿ ಮಾಡುವಾಗಲೇ ಪೆನ್‌ಡ್ರೈವ್‌ನಲ್ಲಿ ಜೊತೆಗೆ ಬಂದಿದೆಯಾ ನೋಡಿ. ಬೈಕ್ ಕಳುವಾದದ್ದೋ ಆ್ಯಕ್ಸಿಡೆಂಟೋ ಆಗಿ ಪೊಲೀಸರಿಗೆ ಕೊಡಬೇಕಾದ ವಿಡಿಯೋ ಆದರೆ ಕನ್ವರ್ಟ್ ಮಾಡಿದ್ದನ್ನು ಮಾತ್ರ ಕೊಡಬೇಡಿ, ಮೂಲ ಫೈಲನ್ನು ಮುಟ್ಟದೆ ಇಟ್ಟಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಸಾಕ್ಷ್ಯದ ಜೊತೆ ಸರ್ಟಿಫಿಕೇಟ್ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಅನ್ನುವ ಗುರುತು ಸಂಖ್ಯೆ ಬರೆಯುತ್ತಾರೆ. ಕನ್ವರ್ಟ್ ಮಾಡಿದರೆ ಆ ಸಂಖ್ಯೆಯೇ ಬದಲಾಗುತ್ತದೆ.

ಅಪ್ಪ ಅಮ್ಮನ ಮದುವೆ ವಿಸಿಡಿ ಫೋನಿಗೆ ಬರುತ್ತಾ?

ಬರುತ್ತದೆ. ಸಿಡಿ ಒಳಗೆ ಎಂಪಿಇಜಿಎವಿ ಅನ್ನುವ ಫೋಲ್ಡರ್, ಅದರೊಳಗೆ ಡ್ಯಾಟ್ ಫೈಲು. ವಿಎಲ್‌ಸಿಯಲ್ಲಿ ಓಡುತ್ತದೆ, ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಬಹುದು. ದೊಡ್ಡ ಟಿವಿಯಲ್ಲಿ ಮಸುಕಾಗಿ ಕಂಡರೆ ನನ್ನನ್ನು ಬೈಯಬೇಡಿ, ವಿಸಿಡಿಯಲ್ಲಿ ಇದ್ದದ್ದೇ 352 ಅಗಲ, 288 ಎತ್ತರದ ಚಿತ್ರ. ಕಾಪಿ ಅರ್ಧಕ್ಕೆ ನಿಂತರೆ ಸಿಡಿ ಮೇಲೆ ಗೀರೋ ಕೊಳೆಯೋ ಇರಬಹುದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಇನ್ನೊಂದು ಸಲ ನೋಡಿ.

ಎಂಆರ್‌ಐ ಸ್ಕ್ಯಾನಿನ ಸಿಡಿಯಲ್ಲಿ ಹೆಸರೇ ಇಲ್ಲದ ನೂರಾರು ಫೈಲ್ ಇವೆ?

ಅವು ಡೈಕಾಮ್ ಚಿತ್ರಗಳು, ಆಸ್ಪತ್ರೆ ಸ್ಕ್ಯಾನುಗಳನ್ನು ಉಳಿಸುವ ರೂಪ, ಎಷ್ಟೋ ಸಲ ಎಕ್ಸ್‌ಟೆನ್ಶನ್ನೇ ಇರುವುದಿಲ್ಲ, ಇದ್ದರೆ ಡಿಸಿಎಂ ಅಂತಿರುತ್ತದೆ. ಮೈಕ್ರೋಡೈಕಾಮ್ ಅಥವಾ ವೀಸಿಸ್ ಹಾಕಿಕೊಂಡು ಇಡೀ ಫೋಲ್ಡರನ್ನು ತೆರೆಯಿರಿ. ಮೈಸೂರಿನಲ್ಲಿ ಬೇರೆ ಡಾಕ್ಟರಿಗೆ ತೋರಿಸಲು ಹೋಗುವವರು ನಾಲ್ಕು ಚಿತ್ರವನ್ನು ಜೆಪಿಜಿ ಮಾಡಿಸಿಕೊಂಡು ಹೋಗುತ್ತಾರೆ. ಹಾಗೆ ಮಾಡಬೇಡಿ, ಸಿಡಿಯನ್ನು ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಡಾಕ್ಟರು ಬೆಳಕು ಹೆಚ್ಚು ಕಡಿಮೆ ಮಾಡಿ, ಅಳತೆ ಹಿಡಿದು ನೋಡುವುದು ಡೈಕಾಮ್‌ನಲ್ಲಿ. ಜೆಪಿಜಿಯಲ್ಲಿ ಅದು ಆಗದು.

ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರೆಲ್ಲ ಹಾಳು?

ಸಿಎಸ್‌ವಿ ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ. ಅದನ್ನು ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಒತ್ತಿ, ಫ್ರಮ್ ಟೆಕ್ಸ್ಟ್ ಅಥವಾ ಸಿಎಸ್‌ವಿ ಒತ್ತಿ, ಫೈಲ್ ಒರಿಜಿನ್ ಅನ್ನುವಲ್ಲಿ 65001 ಯುಟಿಎಫ್-8 ಆರಿಸಿ. ಕನ್ನಡ ಸರಿಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಒಬ್ಬರು ಡೇರಿ ಸೆಕ್ರೆಟರಿ ಸದಸ್ಯರ ಬ್ಯಾಂಕ್ ಖಾತೆ ಪಟ್ಟಿ ತಂದಿದ್ದರು. ಡಬಲ್ ಕ್ಲಿಕ್ ಮಾಡಿ ತೆರೆದು, ಒಂದು ಹೆಸರು ತಿದ್ದಿ, ಸೇವ್ ಮಾಡಿದ್ದರು. ಎಕ್ಸೆಲ್ ಅಂಕಿಗಳನ್ನು 15ರವರೆಗೆ ಮಾತ್ರ ಸರಿಯಾಗಿ ಹಿಡಿಯುತ್ತದೆ, 16ನೆಯದರಿಂದ ಎಲ್ಲ ಸೊನ್ನೆ. ಮುಂದೆ ಸೊನ್ನೆ ಇದ್ದ ಖಾತೆಗಳಲ್ಲಿ ಆ ಸೊನ್ನೆಯೇ ಮಾಯ. ಸಾಲಾಗಿ ಎಲ್ಲರ ಖಾತೆ ಸೊನ್ನೆಯಲ್ಲಿ ಮುಗಿಯುವುದನ್ನು ನೋಡಿ ನನಗೆ ಅನುಮಾನ ಬಂತು. ಅವರ ಇಮೇಲ್‌ನಲ್ಲಿ ಮೂಲ ಫೈಲ್ ಹಾಗೇ ಇತ್ತು, ಬಚಾವ್. ತೆರೆಯುವಾಗಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಹೇಳಿಬಿಡಿ.

ಆನ್‌ಲೈನ್ ಕನ್ವರ್ಟರ್ ಬಳಸಬಹುದಾ?

ಹೂವಿನ ಚಿತ್ರಕ್ಕೆ ಬಳಸಿ. ಆಧಾರ್, ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಬೇಡ. ಯಾರದೋ ಕಂಪ್ಯೂಟರಿಗೆ ನಿಮ್ಮ ಕಾಗದ ಕಳಿಸಿದ ಹಾಗೆ ಅದು. ಇಳಿಸಿಕೊಂಡ ಫೈಲ್ ಜೊತೆ ವೈರಸ್ ಬರಬಹುದು ಅಂತ 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿಯೂ ಎಚ್ಚರಿಸಿತ್ತು. ಡಾಕ್ಯುಮೆಂಟ್‌ಗೆ ಲಿಬ್ರೆ ಆಫೀಸ್, ವಿಡಿಯೋಗೆ ಹ್ಯಾಂಡ್‌ಬ್ರೇಕ್, ಚಿತ್ರಕ್ಕೆ ಗಿಂಪ್, ಮೂಟೆ ಬಿಚ್ಚಲು 7-ಜಿಪ್. ನಾಲ್ಕೂ ಉಚಿತ, ನೆಟ್ ಇಲ್ಲದೆಯೂ ಓಡುತ್ತವೆ.

ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ ಎಪಿಕೆ ಅಂತ ಬಂದಿದೆ?

ಒತ್ತಬೇಡಿ. ಎಪಿಕೆ ಅಂದರೆ ಆ್ಯಪ್, ಯಾರ ಮದುವೆ ಕರೆಯೋಲೆಯೂ ಆ್ಯಪ್ ಆಗಿರುವುದಿಲ್ಲ. ಟ್ರಾಫಿಕ್ ದಂಡದ ಚಲನ್ ಅಂತಲೂ ಇದೇ ಬರುತ್ತದೆ. ಗೊತ್ತಿರುವ ನಂಬರಿನಿಂದ ಬಂದರೂ ನಂಬಬೇಡಿ, ಅವರ ಫೋನ್ ಮೊದಲೇ ಕೈತಪ್ಪಿರಬಹುದು. ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ತಕ್ಷಣ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, 1930ಕ್ಕೆ ಕರೆ ಮಾಡಿ. ಆಮೇಲೆ ಬೇಕಾದರೆ ನನ್ನ ಅಂಗಡಿಗೆ ಬನ್ನಿ.

ಕನ್ವರ್ಟ್ ಮಾಡಿದರೆ ಕ್ವಾಲಿಟಿ ಹೋಗುತ್ತಾ?

ಕೆಲವದರಲ್ಲಿ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಬೆಲ್ಲವನ್ನು ಮತ್ತೆ ಕಬ್ಬು ಮಾಡಲು ಆಗುವುದಿಲ್ಲವಲ್ಲ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ಅಂಗಡಿ ಹೊಸದರಲ್ಲಿ ಒಬ್ಬರು ತಾಯಿಯ ತಿಥಿ ಕಾರ್ಡಿಗೆ ಅಂತ ಮೆಮೊರಿ ಕಾರ್ಡಿನಲ್ಲಿ ಫೋಟೋ ತಂದಿದ್ದರು. ಕಾರ್ಡಿನ ಮೂಲೆಗೆ ಬೇಕಾದ ಅಳತೆಗೆ ಇಳಿಸಿ ಅದೇ ಫೈಲಿನ ಮೇಲೆ ಸೇವ್ ಒತ್ತಿಬಿಟ್ಟೆ. ಹದಿನೈದು ದಿನ ಬಿಟ್ಟು ಬಂದು, ದೊಡ್ಡದು ಮಾಡಿ ಫ್ರೇಮ್ ಹಾಕಿಸಬೇಕು ಅಂದರು. ಇದ್ದದ್ದು ಅದೊಂದೇ ಫೋಟೋ. ದೊಡ್ಡದು ಮಾಡಿದರೆ ಮುಖ ಚೌಕ ಚೌಕ. ಅವರು ಏನೂ ಅನ್ನಲಿಲ್ಲ, ನನಗೇ ತಲೆ ಎತ್ತಲಾಗಲಿಲ್ಲ. ಅವತ್ತಿನಿಂದ ಯಾರು ಏನೇ ತಂದರೂ ಮೊದಲು 'ಮೂಲ' ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಒಂದು ಕಾಪಿ ಹಾಕಿಯೇ ಕೆಲಸ ಶುರು ಮಾಡುತ್ತೇನೆ.

ಅಂಗಡಿಗೆ ಬರುವಾಗ ಏನು ತರಬೇಕು?

ಫೈಲನ್ನೇ ತನ್ನಿ, ಅದರ ಸ್ಕ್ರೀನಿನ ಫೋಟೋ ಅಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಇ-ಆಧಾರ್ ಆದರೆ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲೇ ಹುಟ್ಟಿದ ವರ್ಷ. ಅದನ್ನು ನೀವೇ ಟೈಪ್ ಮಾಡಿ, ಕೀಬೋರ್ಡ್ ನಿಮ್ಮ ಕಡೆ ತಿರುಗಿಸಿ ಕೊಡುತ್ತೇನೆ. ಕರೆಂಟ್ ಹೋಗಿದ್ದರೆ ಮಾತ್ರ ಒಂದು ಟೀ ಕುಡಿದು ಬನ್ನಿ, ಯುಪಿಎಸ್ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.